ಪುಟ್ಟಮಾದಯ್ಯನ ಮಳೆಕೋಟು

2024ರ ಡಿಸೆಂಬರ್ 3, ಮಂಗಳವಾರ, ಬೆಳಗಿನ 4 ಗಂಟೆ 50 ನಿಮಿಷ. ಲೊಕ್ಕನಹಳ್ಳಿಯ ತನ್ನ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯ ಮುಂದೆ ಪುಟ್ಟಮಾದಯ್ಯ ಟಾರ್ಚ್ ಹಿಡಿದು ನಿಂತಿದ್ದ. ಮೊಳೆ ಇತ್ತು. ಮೊಳೆಯ ಮೇಲೆ ಇರಬೇಕಾಗಿದ್ದ ನೀಲಿ ಮಳೆಕೋಟು ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಶುರುವಾದ ಮಳೆ ಹದಿನೇಳು ಗಂಟೆಯಾದರೂ ಉಸಿರು ಎಳೆದುಕೊಳ್ಳದೆ ಹೊರಗೆ ಸುರಿಯುತ್ತಿತ್ತು.

ಹೆಸರು ಕೇಳಿ ಮುದುಕನೆಂದುಕೊಳ್ಳಬಾರದು. ಅದು ಅಜ್ಜನ ಹೆಸರು. ಹೊತ್ತವನಿಗೆ ಇನ್ನೂ ಇಪ್ಪತ್ನಾಲ್ಕು. ಗೆಳೆಯರ ಬಾಯಲ್ಲಿ ಪುಟ್ಮಾದ. ಕೊಳ್ಳೇಗಾಲದ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ್ದ. ಅಲ್ಲಿ ಕಲಿತದ್ದರಲ್ಲಿ ಅವನಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಒಂದೇ, ಅಳತೆ. ಇಡ್ಲಿ ಎಷ್ಟು ನಿಮಿಷ ಬೆಂದಿತು, ಬಸ್ಸು ಎಷ್ಟು ನಿಮಿಷ ತಡವಾಯಿತು, ಮನೆಯಿಂದ ಹೊಟೇಲಿಗೆ ಎಷ್ಟು ಹೆಜ್ಜೆ ಎಂಬುದೆಲ್ಲ ಅವನ ಬಳಿ ಇರುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಕೊನೆಗೂ ಕೇಳುವವರೊಬ್ಬರು ಸಿಕ್ಕಿದರು. ಮೈಸೂರಿನ ಪ್ರೊಫೆಸರ್ ಮಹದೇವಯ್ಯನವರು ಮಳೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಜೇನುಕಲ್ಲು ಗುಡ್ಡದ ಮೇಲಿನ ಮಳೆಮಾಪಕವನ್ನು ದಿನವೂ ನೋಡಿಬರಲು ಆರು ತಿಂಗಳ ಮಟ್ಟಿಗೆ ಅವನನ್ನು ನೇಮಿಸಿಕೊಂಡಿದ್ದರು.

ಕೆಲಸ ಕೇಳಲು ಸುಲಭ. ಗುಡ್ಡದ ನೆತ್ತಿಯಲ್ಲಿ ಮೊಣಕಾಲೆತ್ತರದ ಸಿಮೆಂಟು ಕಟ್ಟೆ. ಅದರ ಮೇಲೆ ಮಳೆಮಾಪಕ. ಆಕಾಶಕ್ಕೆ ಬಾಯಿ ತೆರೆದ ಒಂದು ಆಲಿಕೆ, ಅದರ ಕೆಳಗೆ ನೀರು ಕೂಡುವ ಸೀಸೆ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಬರೆದು, ಸೀಸೆ ಖಾಲಿ ಮಾಡಿ ಇಳಿದು ಬರುವುದು. ಪ್ರೊಫೆಸರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು: "ನೋಡಪ್ಪಾ, ಕಂಡದ್ದನ್ನು ಬರೆ. ಅಂದುಕೊಂಡದ್ದನ್ನು ಬರೆಯಬೇಡ."

ಪುಟ್ಟಮಾದಯ್ಯ ಹಾಗೆಯೇ ಬರೆದ. ನವೆಂಬರಿನ ಒಂದು ಸೋಮವಾರ ಇಡೀ ಜಿಲ್ಲೆಯಲ್ಲಿ ಒಂದು ಹನಿ ಮಳೆಯಿಲ್ಲದಿದ್ದಾಗ, ಅವನ ಸೀಸೆಯಲ್ಲಿ ನೀರಿತ್ತು. ಅವನು ಪ್ರಾಮಾಣಿಕವಾಗಿ "ಮಳೆ 38.5 ಮಿಲಿಮೀಟರ್, ಜೊತೆಗೆ ಕರಿಬೇವಿನ ಎಲೆ ಒಂದು" ಎಂದು ಬರೆದು ಕಳಿಸಿದ. ಪ್ರೊಫೆಸರ್ ಫೋನು ಮಾಡಿ, "ನಿಮ್ಮ ಕಡೆ ಮೋಡಗಳು ಒಗ್ಗರಣೆ ಹಾಕಿಕೊಂಡು ಬರುತ್ತವೇನಪ್ಪಾ?" ಎಂದು ಕೇಳಿದ್ದರು. ಇನ್ನೊಂದು ಸಲ ಇಂಥ ಅಂಕಿ ಬಂದರೆ ಕೆಲಸ ಮುಗಿಯಿತು ಎಂದೂ ಹೇಳಿದ್ದರು.

ಕೆಲಸ ಹೋದರೆ ಮುಂದೇನೆಂಬುದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಯಳಂದೂರಿನಲ್ಲಿ ಸೋದರಮಾವನ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಕೂತು ಮೊಳೆ ತೂಗುವುದು. "ಅದೂ ಅಳತೇನೆ ತಾನೇ?" ಎನ್ನುತ್ತಿದ್ದ ಮಾವ.

ಈಗ ಉಳಿದುಕೊಳ್ಳಲು ಒಂದು ದಾರಿ ತೆರೆದಿತ್ತು. ನಿನ್ನೆ ಬೆಳಿಗ್ಗೆ ಅವನಿನ್ನೂ ಗುಡ್ಡದ ಮೇಲೆ ಇದ್ದಾಗಲೇ ಪ್ರೊಫೆಸರ್ ಫೋನು ಬಂದಿತ್ತು. ಬಂಗಾಳ ಕೊಲ್ಲಿಯ ಚಂಡಮಾರುತ ಈ ಕಡೆ ಬರುತ್ತಿದೆ, ಇಂಥ ಮಳೆ ಹತ್ತು ವರ್ಷಕ್ಕೊಮ್ಮೆ. ಹನ್ನೊಂದು ಮಾಪಕಗಳಲ್ಲಿ ಗುಡ್ಡದ ನೆತ್ತಿಯದು ನಿನ್ನದೊಂದೇ. ನಾಳಿನ ಅಂಕಿ ಸರಿಯಾಗಿ ಸಿಕ್ಕರೆ ಎರಡು ವರ್ಷಕ್ಕೆ ಮುಂದುವರಿಸಲು ಬರೆಯುತ್ತೇನೆ. ಆದರೆ ಒಬ್ಬನೇ ಹತ್ತಬೇಡ, ಎರಡು ಮೂರು ಜನರನ್ನು ಕರೆದುಕೊಂಡು ಹೋಗು. ಇಷ್ಟು ಕೇಳಿದ ಪುಟ್ಟಮಾದಯ್ಯ ಗುಡ್ಡ ಇಳಿದದ್ದು ಕಾಲಿನಿಂದಲ್ಲ, ರೆಕ್ಕೆಯಿಂದ.

"ಅವ್ವಾ, ನನ್ ಕೋಟೆಲ್ಲಿ?"

ಒಲೆಯ ಮುಂದಿದ್ದ ತಾಯಿ ಗುರುಸಿದ್ದಮ್ಮ ತಿರುಗಲೂ ಇಲ್ಲ. "ನಿನ್ ಕೋಟ ನಾನು ಉಟ್ಕಂಡಿದ್ದೀನಾ? ನೆನ್ನ ಸಂಜ ಆ ಶಿವರಾಜು ಬಂದಿದ್ನಲ್ಲ, ಮಳೇಲಿ ಓದ. ಅವನ್ನ ಕೇಳು."

ಇದು ತರ್ಕಬದ್ಧವಾಗಿತ್ತು. ಶಿವರಾಜು ಬಂದದ್ದು ಸಂಜೆ ಐದಕ್ಕೆ. ಹೋದದ್ದು ಆರಕ್ಕೆ, ಜೋರು ಮಳೆಯಲ್ಲಿ. ಕೋಟು ಈಗ ಇಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಇನ್ನೇನು ಬೇಕು?

"ಬುಡು, ಇದ ಆಕ್ಕೋ" ಎಂದು ಗುರುಸಿದ್ದಮ್ಮ ಯೂರಿಯಾ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ ಮಗನ ತಲೆಯ ಮೇಲೆ ಕವುಚಿದಳು. ಬೆನ್ನಿನ ಮೇಲೆ "ಸಾರಜನಕ ಶೇ. 46" ಎಂದು ದಪ್ಪ ಅಕ್ಷರದಲ್ಲಿತ್ತು.

ಐದೂವರೆಗೆ ಗೆಳೆಯರು ಬಂದರು. ಮೂವರೂ ಅವನ ಜೊತೆ ಓದಿದವರು. ಕೊಳ್ಳೇಗಾಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಶಿವರಾಜು. ರಾಗಿ ಮೆದೆಗೆ ಹೊದಿಸುವ ಕಪ್ಪು ಟಾರ್ಪಾಲನ್ನು ಮೈಗೆ ಸುತ್ತಿಕೊಂಡು, ಅದರೊಳಗೆ ತಿಂಡಿಯ ಚೀಲ ಅಡಗಿಸಿಕೊಂಡಿದ್ದ, ಯಳಂದೂರಿನ ತೊಂಬತ್ತೆರಡು ಕೆಜಿ ಮೂರ್ತಿ. ಮತ್ತು ಹನೂರಿನ ಶಾಲೆಯೊಂದರ ಟೀಚರ್ ಚೈತ್ರ. ಮಳೆಗೆ ರಜೆ ಕೊಟ್ಟಿದ್ದರಿಂದ ಅಜ್ಜಿಯನ್ನು ನೋಡಿಬರಲು ಹೊರಟಿದ್ದಳು. ಅವಳ ಅಜ್ಜಿ ಕೇತಮ್ಮ ಇದ್ದದ್ದು ಜೇನುಕಲ್ಲು ಗುಡ್ಡದ ಮೇಲೆಯೇ, ಮಳೆಮಾಪಕಕ್ಕೆ ಕೂಗಳತೆಯ ದೂರದ ಹತ್ತು ಮನೆಗಳ ಪೋಡಿನಲ್ಲಿ.

ಶಿವರಾಜು ಹಾಕಿಕೊಂಡಿದ್ದದ್ದು ನೀಲಿ ಮಳೆಕೋಟು.

ಪುಟ್ಟಮಾದಯ್ಯ ಟಾರ್ಚನ್ನು ಅವನ ಎದೆಗೆ ಬಿಟ್ಟ. "ಕೋಟು ಚೆನ್ನಾಗದಲ್ಲ."

"ಊಂ. ನಿಂದ ತಕ್ಕಂಡ್ಯಲ್ಲ, ಅದೇ ಅಂಗಡೀದು."

"ಅದೇ ಅಂಗಡೀದಾ, ಅದೇನಾ?"

"ಏನ್ಲಾ ಅಂಗಂದ್ರೆ?"

"ನನ್ ಕೋಟಿನ ಮೂರನೇ ಗುಂಡಿ ಕಿತ್ತೋಗಿತ್ತು. ಅವ್ವ ಕೆಂಪು ದಾರದಲ್ಲಿ ಹೊಲಿದಿದ್ಲು. ತೋರ್ಸು."

ಶಿವರಾಜು ಗುಂಡಿ ತೋರಿಸಿದ. ದಾರ ನೀಲಿ. ಪುಟ್ಟಮಾದಯ್ಯ ಬಾಗಿ, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿ ನಿಟ್ಟುಸಿರು ಬಿಟ್ಟ. "ರಾತ್ರಿ ಬದಲಾಯಿಸಿರಬೋದು."

"ಲೇ, ನಾನು ಮೊಬೈಲ್ ರಿಪೇರಿ ಮಾಡೋನು ಕಣ್ಲಾ, ಟೈಲರ್ ಅಲ್ಲ!"

"ಆಮೇಲ್ ಜಗಳ ಆಡ್ಕಳಿ. ಹಳ್ಳ ಏರ್ತಾ ಇರ್ತದೆ" ಎಂದು ಚೈತ್ರ ಮುಂದೆ ನಡೆದಳು. ಶಿವರಾಜು ಪುಟ್ಟಮಾದಯ್ಯನ ಬೆನ್ನು ಓದಿ, "ಸಾರಜನಕ ನಲವತ್ತಾರು ಪರ್ಸೆಂಟು. ಮಿಕ್ಕಿದ್ದೆಲ್ಲ ಅನುಮಾನ" ಎಂದ.

ಗುಡ್ಡದ ಬುಡದಿಂದ ನೆತ್ತಿಗೆ ನಾಲ್ಕು ಕಿಲೋಮೀಟರ್ ಮುನ್ನೂರು ಮೀಟರ್. ಪುಟ್ಟಮಾದಯ್ಯ ಅಳತೆಯ ಲೋಟವನ್ನು ತಾಯಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹೆತ್ತ ಕೂಸಿನಂತೆ ಎದೆಗವಚಿಕೊಂಡು, ಹೆಜ್ಜೆ ಎಣಿಸುತ್ತ ಹತ್ತಿದ. ಕಾಲುದಾರಿಯೇ ತೊರೆಯಾಗಿತ್ತು. ಗಾಳಿ ಒಮ್ಮೆ ಎದುರಿನಿಂದ ಬಂದು ತಳ್ಳುವುದು, ಒಮ್ಮೆ ಹಿಂದಿನಿಂದ ಬಂದು ಕೊಪ್ಪೆಯನ್ನು ಮುಖಕ್ಕೆ ಮುಚ್ಚುವುದು. ಕೊಪ್ಪೆಯ ತುದಿಯಿಂದ ಇಳಿದ ನೀರು ನೇರವಾಗಿ ಕತ್ತಿನ ಹಿಂದೆ ಇಳಿದು, ಬೆನ್ನು ದಾಟಿ, ಹೇಳಬಾರದ ಕಡೆ ಸೇರುತ್ತಿತ್ತು. ಒಂದೊಂದು ಹನಿ ಇಳಿದಾಗಲೂ ಅವನು ತಿರುಗಿ ಶಿವರಾಜುವಿನ ಕೋಟನ್ನು ನೋಡುತ್ತಿದ್ದ.

ಅವನ ದೊಡ್ಡ ಚಿಂತೆ ಬೇರೆ ಇತ್ತು. "ಸೀಸೆ ಹಿಡಿಯೋದು ನಾಲ್ಕು ಲೀಟರು. ಅಂದ್ರೆ ಇನ್ನೂರು ಮಿಲಿಮೀಟರು. ಅದೂ ತುಂಬಿ ಹರಿದುಹೋಗಿದ್ರೆ?"

"ಓದ್ರೆ ಓಯ್ತು, ಇನ್ನೂರು ಅಂತ ಬರಿ" ಎಂದ ಮೂರ್ತಿ ಏದುಸಿರು ಬಿಡುತ್ತ.

"ಅಂದುಕೊಂಡದ್ದನ್ನ ಬರೀಬಾರ್ದು" ಎಂದು ಪುಟ್ಟಮಾದಯ್ಯ ಬಿರಬಿರನೆ ಮುಂದೆ ಹೋದ.

ಎರಡು ಸಾವಿರದ ನೂರಾ ನಲವತ್ತನೇ ಹೆಜ್ಜೆಯ ಹೊತ್ತಿಗೆ ಮಂಜು ಕವಿದು, ಅವನ ಜೊತೆ ಯಾರೂ ಇರಲಿಲ್ಲ. ನಿಂತು ಕಿವಿಗೊಟ್ಟ. ಕೆಳಗಿನ ತಿರುವಿನಲ್ಲಿ ಪಟ್ ಎಂದಿತು. ಮತ್ತೆ ಪಟ್, ಪಟ್. ಬಿದಿರು ಮುರಿಯುವ ಸದ್ದು. ಮಂಜಿನೊಳಗಿಂದ ಕಪ್ಪಗೆ, ಅಗಲವಾಗಿ, ನಿಧಾನವಾಗಿ ತೂಗಾಡುತ್ತ ಏನೋ ಮೇಲೆ ಬರುತ್ತಿತ್ತು.

ಆನೆ ಎದುರಾದಾಗ ಏನು ಮಾಡಬೇಕೆಂದು ಪ್ರೊಫೆಸರ್ ಕೊಟ್ಟ ಸೂಚನೆಗಳ ಹಾಳೆಯಲ್ಲಿ ಏಳು ಅಂಶಗಳಿದ್ದವು. ಪುಟ್ಟಮಾದಯ್ಯನಿಗೆ ಏಳೂ ಬಾಯಿಪಾಠ. ಅವುಗಳಲ್ಲಿ ಒಂದನ್ನೂ ಮಾಡದೆ, "ಆನೆ! ಆನೆ!" ಎಂದು ಕಿರುಚುತ್ತ ಪಕ್ಕದ ಲಂಟಾನ ಪೊದೆಗೆ ಹಾರಿದ. ಎಡಗಾಲಿನ ಚಪ್ಪಲಿ ಬಲಕ್ಕೆ ಹೋಯಿತು, ಅಂಗಿಯ ತೋಳು ಮುಳ್ಳಿಗೆ ಹೋಯಿತು. ಮುಳುಗುವವನ ಕೈಯಂತೆ ಪೊದೆಯ ಮೇಲೆ ಎದ್ದು ಕಾಣುತ್ತಿದ್ದದ್ದು ಲೋಟ ಹಿಡಿದ ಬಲಗೈ ಒಂದೇ.

ಆನೆಯೂ ಅವನ ಕಿರುಚಾಟ ಕೇಳಿ "ಅಯ್ಯಯ್ಯೋ, ಎಲ್ಲದ್ಲಾ ಆನೆ?" ಎಂದು ಅಳುದನಿಯಲ್ಲಿ ಕೂಗಿ ಅದೇ ಪೊದೆಗೆ ಹಾರಿತು. ಟಾರ್ಪಾಲಿನೊಳಗಿಂದ ಮೂರ್ತಿಯ ಮುಖ ಹೊರಬಂತು. ಬಾಯಲ್ಲಿ ಅರ್ಧ ಚಕ್ಕುಲಿ.

ಚೈತ್ರ ಬಂದು ಇಬ್ಬರನ್ನೂ ಎಳೆದು ನಿಲ್ಲಿಸಿದಳು. "ನಾನು ಹುಟ್ಟಿದಾಗಿಂದ ಈ ಕಾಡಲ್ಲಿ ಆನೆ ನೋಡಿದ್ದೀನಿ. ಚಕ್ಕುಲಿ ತಿನ್ನೋದ ಇವತ್ತೇ ನೋಡಿದ್ದು."

ಬಂಡೆಯ ಮರೆಯಲ್ಲಿ ಎರಡು ನಿಮಿಷ ಕೂತರು. ಮೂರ್ತಿ ಎಲ್ಲರಿಗೂ ಚಕ್ಕುಲಿ ಹಂಚಿದ. ಹೆದರಿಕೆ ಇಳಿದವನಿಗೆ ಸತ್ಯ ಹೇಳುವ ಆಸೆ ಹುಟ್ಟುತ್ತದೆ. "ಪುಟ್ಮಾದ, ಒಂದ್ ಮಾತು. ಬೈಬ್ಯಾಡ ಕಣ್ಲಾ. ಓದ್ ತಿಂಗ್ಳು ಬಾನುವಾರ ನಾನೂ ನೀನೂ ಮ್ಯಾಲೆ ಬುತ್ತಿ ಉಂಡ್ವಲ್ಲ. ನೀನು ನಿದ್ದ ಒಡೀತಿದ್ದೆ. ಆಗ ನಾನು ಕೈ ತೊಳ್ಕಂಡು, ಡಬ್ಬ ತೊಳ್ದೆ."

"ಎಲ್ಲಿ?"

"ಆ ಕಟ್ಟೆ ಮ್ಯಾಲೆ ದುಂಡಗದಲ್ಲ. ಬೇಸಿನ್ನು ಅಂದ್ಕಂಡೆ. ನಲ್ಲಿ ಯಾಕಿಲ್ಲ ಅಂತ್ಲೂ ನೋಡ್ದೆ."

ಪುಟ್ಟಮಾದಯ್ಯ ಕಣ್ಣು ಮುಚ್ಚಿಕೊಂಡ. ತುಟಿ ಅಲುಗುತ್ತಿತ್ತು. ಬೈಯುತ್ತಿದ್ದಾನೆಂದು ಎಲ್ಲರೂ ಅಂದುಕೊಂಡರು, ಅವನು ಗುಣಿಸುತ್ತಿದ್ದ. "ಏಳುನೂರ ಎಪ್ಪತ್ತು ಮಿಲಿಲೀಟರ್ ನೀರು ಖರ್ಚು ಮಾಡಿದ್ದೀಯ" ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಗೆಳೆಯರಲ್ಲ ನೀವು. ಒಬ್ಬ ಡಬ್ಬ ತೊಳೀತಾನೆ, ಒಬ್ಬ ಕೋಟು ಕದೀತಾನೆ."

"ಇನ್ನೊಂದ್ ಸಲ ಕೋಟು ಅಂದ್ರೆ ನೋಡು" ಎಂದ ಶಿವರಾಜು.

ಏಳೂಮುಕ್ಕಾಲಿಗೆ ಹಳ್ಳ ಸಿಕ್ಕಿತು. ದಿನವೂ ಪಾದ ನೆನೆಸುತ್ತಿದ್ದ ನೀರು ಈಗ ಕೆಂಪಗೆ ಭೋರಿಡುತ್ತಿತ್ತು. ಚೈತ್ರ ನೂರು ಹೆಜ್ಜೆ ಮೇಲಕ್ಕೆ ಕರೆದುಕೊಂಡು ಹೋಗಿ, ಬಂಡೆಗಳ ನಡುವೆ ಮೊಣಕಾಲುದ್ದ ನೀರಿರುವ ಕಡೆ ತೋರಿಸಿದಳು. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ಇಳಿದರು. ಮೊದಲು ಚೈತ್ರ, ಆಮೇಲೆ ಶಿವರಾಜು, ಅವನ ಹಿಂದೆ ಪುಟ್ಟಮಾದಯ್ಯ, ಕೊನೆಗೆ ಲಂಗರಿನಂತೆ ಮೂರ್ತಿ. ಲೋಟಕ್ಕೆ ಎರಡು ಕೈ ಬೇಕಾಗಿದ್ದರಿಂದ ಪುಟ್ಟಮಾದಯ್ಯ ಯಾರ ಕೈಯನ್ನೂ ಹಿಡಿಯಲಿಲ್ಲ. ಮೂರ್ತಿಯೇ ಅವನ ಕೊಪ್ಪೆಯನ್ನು ಹಿಂದಿನಿಂದ ಹಿಡಿದ.

ಹಳ್ಳದ ನಟ್ಟನಡುವೆ, ಕಾಲ ಕೆಳಗಿನ ಕಲ್ಲು ಉರುಳುತ್ತಿದ್ದಾಗ, ಪುಟ್ಟಮಾದಯ್ಯನಿಗೆ ಶಿವರಾಜುವಿನ ಕೋಟಿನ ಬೆನ್ನು ಒಂದು ಗೇಣಿನ ದೂರದಲ್ಲಿ ಕಂಡಿತು.

"ಎಡಗಡೆ ಹೊಲಿಗೇನೂ ನನ್ನ ಕೋಟಿಂದೇ" ಎಂದ.

ಶಿವರಾಜು ನಿಂತ. ನೀರಿನಲ್ಲಿ ನಿಂತೇ ಒಂದೊಂದಾಗಿ ಐದೂ ಗುಂಡಿ ಬಿಚ್ಚಿದ. "ತಕ್ಕೋ! ತಕ್ಕಂಡು ಸಾಯಿ! ನಿಮ್ಮವ್ವನ ಕೈಲಿ ಕೆಂಪು ದಾರ ಆಕಿಸ್ಕೋ!" ಎಂದು ಕೋಟನ್ನು ಕಳಚಿ ಅವನ ಮುಖಕ್ಕೆ ಎಸೆದ.

ಹಿಡಿಯಬೇಕಾದರೆ ಲೋಟ ಬಿಡಬೇಕಿತ್ತು. ಪುಟ್ಟಮಾದಯ್ಯ ಲೋಟವನ್ನು ಬಿಡಲಿಲ್ಲ. ನೀಲಿ ಕೋಟು ಅವನ ಕೊಪ್ಪೆಗೆ ತಾಗಿ, ನೀರಿಗೆ ಬಿದ್ದು, ಎರಡೂ ತೋಳು ಬೀಸಿ ಎಲ್ಲರಿಗೂ ವಿದಾಯ ಹೇಳುತ್ತ ಬಂಡೆ ಸುತ್ತಿ ಮರೆಯಾಯಿತು.

"ಇನ್ ಜಗಳ ಇಲ್ಲ ಬುಡಿ" ಎಂದ ಮೂರ್ತಿ. "ನಾಳಿಕ್ಕೆ ಪಾಲಾರ್ ದಾಟಿ ತಮಿಳ್ನಾಡು ಸೇರ್ಕಂತದ."

ಆ ಮೇಲೆ ಒಂದು ಕಿಲೋಮೀಟರ್ ಏರುದಾರಿ. ಶಿವರಾಜುವಿನ ಹಲ್ಲು ಕಟಕಟ ಎನ್ನುತ್ತಿತ್ತು. ಪುಟ್ಟಮಾದಯ್ಯನಿಗೆ ಪಾಪ ಅನ್ನಿಸಿತು. ಹೆಗಲ ಮೇಲೆ ಕೈ ಹಾಕೋಣವೆಂದುಕೊಂಡ. ಆದರೆ ಅಪರಾಧಿ ಸಾಕ್ಷ್ಯವನ್ನೇ ನೀರಿಗೆ ಎಸೆದದ್ದು ಎಷ್ಟು ಅನುಕೂಲಕ್ಕೆ ಬಂತು ಎಂಬ ಯೋಚನೆ ಅಡ್ಡ ಬಂದು, ಕೈ ಅಲ್ಲೇ ನಿಂತಿತು.

ಎಂಟು ಇಪ್ಪತ್ನಾಲ್ಕಕ್ಕೆ ನೆತ್ತಿ. ಪೋಡಿನ ಮೊದಲ ಮನೆಯ ಬಾಗಿಲಲ್ಲಿ ಕೇತಮ್ಮ ಕೊಡೆ ಹಿಡಿದು ನಿಂತಿದ್ದಳು. "ಏನ್ ಕೂಸೇ, ಈ ಮಳೇಲೂ ಬಂದ್ಬುಟ್ರಾ!"

"ಅಜ್ಜೀ, ಎಷ್ಟು ಬಿತ್ತು?" ಎಂದು ಚೈತ್ರ ಕೇಳಿದಳು.

"ಒರಳು ಮೂರ್ ಸಲ ತುಂಬ್ತು, ಮೂರ್ ಸಲ ಚೆಲ್ದೆ. ನಾಲ್ಕ್ನೇದು ಈಗ ಕಂಠದ್ಗಂಟ ಬಂದದ. ನನ್ ಕಣ್ಣಲ್ಲಿ ಇಂಥ ಮಳ ಕಂಡಿಲ್ಲ."

ಪುಟ್ಟಮಾದಯ್ಯನ ಎದೆ ಹಿಗ್ಗಿತು. "ಒರಳು ಪ್ರಮಾಣಿತ ಉಪಕರಣ ಅಲ್ಲ ಅಜ್ಜಿ. ಬನ್ನಿ, ಸರಿಯಾದ ಅಂಕಿ ತೋರಿಸ್ತೀನಿ" ಎಂದು ಒಂಟಿ ಚಪ್ಪಲಿಯಲ್ಲಿ ಕಟ್ಟೆಯ ಕಡೆಗೆ ಓಡಿದ.

ಓಡಿದವನು ಹತ್ತು ಹೆಜ್ಜೆ ಹಿಂದೆಯೇ ನಿಂತ.

ಕಟ್ಟೆಯ ಮೇಲೆ ಮಳೆಮಾಪಕ ಕಾಣಲಿಲ್ಲ. ಅದರ ಜಾಗದಲ್ಲಿ, ಚಳಿಗೆ ಮುಸುಕು ಹಾಕಿ ಕೂತ ಮಗುವಿನ ಹಾಗೆ, ನೀಲಿ ಬಣ್ಣದ್ದೊಂದು ಕೂತಿತ್ತು. ಸುತ್ತ ಮೂರು ಸುತ್ತು ಹಗ್ಗ. ಶಿವರಾಜು ನಡುಗುತ್ತಲೇ ಹತ್ತಿರ ಹೋಗಿ, ಬಾಗಿ, ಮೂರನೇ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಕೆಂಪು ದಾರ" ಎಂದ.

ಪುಟ್ಟಮಾದಯ್ಯನಿಗೆ ನಿನ್ನೆಯ ಬೆಳಗು ಇಡಿಯಾಗಿ ಕಣ್ಣ ಮುಂದೆ ಬಂತು. ಹತ್ತುವಾಗ ತುಂತುರು, ಅಳತೆ ಮುಗಿದ ಹೊತ್ತಿಗೆ ಹತ್ತು ನಿಮಿಷ ಬಿಸಿಲು. ಒದ್ದೆ ಕೋಟನ್ನು ಒಣಗಲೆಂದು ಪಕ್ಕದಲ್ಲೇ ಸಿಕ್ಕ ಒಳ್ಳೆಯ ಜಾಗದ ಮೇಲೆ ಹರವಿದ್ದ. ಆಗ ಫೋನು ರಿಂಗಾಯಿತು. ಸಿಗ್ನಲ್ ಸಿಗುವುದು ಆಚೆಯ ಬಂಡೆಯ ಮೇಲೆ ಮಾತ್ರ, ಫೋನನ್ನು ದಿನವೂ ಅಲ್ಲಿಯೇ ಇಡುತ್ತಿದ್ದ, ಅಲ್ಲಿಗೆ ಓಡಿದ್ದ. ಎರಡು ವರ್ಷ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಂಡೆಯಿಂದ ನೇರವಾಗಿ ಮನೆಗೆ.

"ಅಜ್ಜೀ, ಹಗ್ಗ?" ಎಂದ. ಗಂಟಲು ಒಣಗಿತ್ತು, ಆ ಗುಡ್ಡದ ಮೇಲೆ ಒಣಗಿದ್ದವು ಎರಡೇ, ಎರಡನೆಯದು ಇನ್ನೂ ಅವನಿಗೆ ಗೊತ್ತಿರಲಿಲ್ಲ.

"ನಾನೇ ಕಟ್ದೆ ಕೂಸೇ. ನೀನು ಕೋಟ ಒದ್ಸಿ ಓದೆ. ಮದ್ಯಾನ ಗಾಳಿ ಎದ್ದು ಎತ್ಕಂಡ್ ಓಯ್ತಿತ್ತು. ಈ ಮಿಸನ್ನಿಗೆ ಏನಾರ ಆದ್ರೆ ಕೆಲ್ಸ ಓಯ್ತದ, ಯಾರೂ ನೀರು ಸುರೀಬ್ಯಾಡಿ ಅಂತ ನೀನು ಓದ್ ತಿಂಗ್ಳು ಅತ್ಕಂಡು ಯೋಳಿದ್ಯಲ್ಲ. ಬಿಗಿಯಾಗಿ ಕಟ್ದೆ." ಕೇತಮ್ಮ ಮುಂದುವರಿಸಿದಳು: "ಮಳ ಅಳಿಯೋದಕ್ಕೆ ಮಳ ಬೀಳ್ಬ್ಯಾಡ್ವಾ ಅಂತ ನಂಗೂ ಅನ್ನುಸ್ತು. ಓದಿರೋ ಕೂಸು, ಏನೋ ಲೆಕ್ಕ ಇರ್ತದ ಅಂದ್ಕಂಡು ಸುಮ್ಕಾದೆ."

ಚೈತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದಳು. ಅವಳ ಬೆನ್ನು ಕುಲುಕುತ್ತಿತ್ತು.

ಶಿವರಾಜು ಗಂಟು ಬಿಚ್ಚಿ ಕೋಟನ್ನು ಎತ್ತಿದ. ಒಳಗೆ ಕೈಯಾಡಿಸಿದ. "ಒಳ್ಳೇ ಮಾಲು ಕಣ್ಲಾ. ಒಂದ್ ತೊಟ್ಟೂ ಇಳ್ದಿಲ್ಲ" ಎಂದವನು, ಯಾರನ್ನೂ ಕೇಳದೆ ಹಾಕಿಕೊಂಡು, ಕೆಂಪು ದಾರದ ಗುಂಡಿಯವರೆಗೆ ಮೂರು ಗುಂಡಿ ಹಾಕಿ, ಪುಟ್ಟಮಾದಯ್ಯನ ಮುಖ ನೋಡಿದ. ಆ ಕೋಟು ಅವನ ಮನೆಯ ಮೊಳೆಗೆ ಮತ್ತೆ ಬರುವುದಿಲ್ಲವೆಂಬುದು ಇಬ್ಬರಿಗೂ ಅರ್ಥವಾಯಿತು.

ಎಂಟು ಇಪ್ಪತ್ತೊಂಬತ್ತಕ್ಕೆ ಮಳೆ ನಿಂತಿತು.

ಎಂಟೂವರೆಗೆ ಸರಿಯಾಗಿ ಪುಟ್ಟಮಾದಯ್ಯ ಆಲಿಕೆ ತೆಗೆದು ಸೀಸೆಯನ್ನು ಎತ್ತಿದ. ಲಂಟಾನ ಪೊದೆ, ಹಳ್ಳ ಎಲ್ಲವನ್ನೂ ದಾಟಿ ಒಂದು ಗೀರೂ ಬೀಳದೆ ಬಂದ ಲೋಟವನ್ನು ಕಟ್ಟೆಯ ಮೇಲಿಟ್ಟು, ಸೀಸೆಯನ್ನು ಬಗ್ಗಿಸಿದ. ತಲೆಕೆಳಗು ಮಾಡಿದ. ತಳಕ್ಕೆ ತಟ್ಟಿದ.

ಅವನು ಮಳೆ ನಿಂತೊಡನೆ ಆಚೆಯ ಬಂಡೆಯ ಮೇಲಿಟ್ಟಿದ್ದ ಫೋನು ರಿಂಗಾಯಿತು. ನಾಲ್ವರೂ ಲೋಟ ಸಮೇತ ಅಲ್ಲಿಗೆ ಹೋದರು.

"ತಲುಪಿದೆಯೇನಪ್ಪಾ? ಭೇಷ್!" ಪ್ರೊಫೆಸರ್ ಮಹದೇವಯ್ಯನವರ ದನಿಯಲ್ಲಿ ಹಬ್ಬವಿತ್ತು. "ಹತ್ತು ಕಡೆಯದೂ ಬಂದಾಯ್ತು, ಎಲ್ಲಾ ನೂರರ ಮೇಲೆ. ನಿನ್ನದೇ ಎಲ್ಲಕ್ಕಿಂತ ದೊಡ್ಡದಿರಬೇಕು ಅಂತ ಇಡೀ ಡಿಪಾರ್ಟ್‌ಮೆಂಟು ನನ್ನ ರೂಮಲ್ಲಿ ಕಾಯ್ತಾ ಇದೆ. ಸ್ಪೀಕರ್ ಹಾಕಿದ್ದೀನಿ, ಹೇಳು."

"ನೂರೈವತ್ತು ಅನ್ನು" ಎಂದು ಶಿವರಾಜು ಪಿಸುಗುಟ್ಟಿದ.

"ನೂರಾ ಎಂಬತ್ತು" ಎಂದ ಮೂರ್ತಿ.

"ಮೂರೂಮುಕ್ಕಾಲು ಒರಳು ಅನ್ನು. ಸತ್ಯ ಆದರೂ ಆಗ್ತದೆ" ಎಂದಳು ಚೈತ್ರ.

ಪುಟ್ಟಮಾದಯ್ಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕಲಿಸಿದಂತೆ, ಕೆಳಗಿನ ಗೆರೆಯಿಂದ ನೋಡುತ್ತ ಬಂದ. ಕಂಡದ್ದನ್ನು ಹೇಳಿದ.

ಆ ಕಡೆ ಇಡೀ ಡಿಪಾರ್ಟ್‌ಮೆಂಟು ಉಸಿರು ಹಿಡಿದಂತಿತ್ತು. ಪ್ರೊಫೆಸರ್ ಮೆಲ್ಲಗೆ, "ಕರಿಬೇವಾದರೂ ಇದೆಯೇನಪ್ಪಾ?" ಎಂದರು.

"ಇಲ್ಲ ಸಾರ್."

ಫೋನು ಕಟ್ಟಾಯಿತು. ಮೂರ್ತಿ ಬಂದು ಹೆಗಲ ಮೇಲೆ ಕೈ ಹಾಕಿದ. "ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನಿಮ್ ಮಾವನ ಅಂಗ್ಡಿ ನಮ್ಮನೆ ಪಕ್ಕದಲ್ಲೇ ಅದ. ಇನ್ಮೇಲೆ ದಿನಾ ಸಿಗ್ಬೋದು" ಎಂದು ಕೊನೆಯ ಚಕ್ಕುಲಿಯನ್ನು ಅವನ ಕೈಗಿಟ್ಟ.

ಪುಟ್ಟಮಾದಯ್ಯ ಚಕ್ಕುಲಿಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಪುಸ್ತಕ ತೆರೆದು, ತನ್ನ ದುಂಡಗಿನ ಅಕ್ಷರದಲ್ಲಿ ಬರೆದ: ಜೇನುಕಲ್ಲು ಗುಡ್ಡ, ಡಿಸೆಂಬರ್ 3, ಬೆಳಿಗ್ಗೆ 8.30. ಕಳೆದ ಇಪ್ಪತ್ನಾಲ್ಕು ಗಂಟೆಗಳ ಮಳೆ: 0.0 ಮಿಲಿಮೀಟರ್.